ಮೊದಲ ವರ್ಷದ ಎಚ್.ಆರ್. ಪಾಠ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾನವ ಸಂಪನ್ಮೂಲ ನಿರ್ವಹಣೆಯ (ಎಚ್.ಆರ್.ಎಂ.) ಪಾಠ ಶುರುವಾದಾಗ ಮೈಸೂರು, ಮಂಡ್ಯದ ಕಾಲೇಜು ಮಕ್ಕಳು ಕೇಳುವ ಪ್ರಶ್ನೆಗಳು ಇವು. ಕೆಲವು ಕ್ಲಾಸಿನಲ್ಲಿ ಬಂದವು. ಕೆಲವನ್ನು ಪೋಷಕರು ಫೋನ್ ಮಾಡಿ ಕೇಳಿದರು. ಇನ್ನು ಕೆಲವನ್ನು ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳು ಬರೆದು ಕಳಿಸಿದರು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

### ಶುರುವಿನ ಪ್ರಶ್ನೆಗಳು

ಮೇಡಂ, ಎಚ್.ಆರ್. ಅಂದ್ರೆ ಇಂಟರ್‌ವ್ಯೂ ಮಾಡಿ ಜನರನ್ನ ತಗೊಳ್ಳೋದು, ಅಷ್ಟೇ ತಾನೆ?

ಅಲ್ಲ. ಇಂಟರ್‌ವ್ಯೂ ಹೊರಗಿನವರಿಗೆ ಕಾಣುವ ಭಾಗ, ಅಷ್ಟೇ. ಒಂದು ಕಾರ್ಖಾನೆಗೆ ಎಷ್ಟು ಜನ ಬೇಕು, ಯಾವ ಕೆಲಸಕ್ಕೆ ಯಾರು ಸರಿ, ಅವರಿಗೆ ಏನು ಕಲಿಸಬೇಕು, ಎಷ್ಟು ಸಂಬಳ ಕೊಡಬೇಕು, ಕೆಲಸ ಹೇಗೆ ಅಳೆಯಬೇಕು, ಜಗಳ ಬಂದರೆ ಹೇಗೆ ಬಗೆಹರಿಸಬೇಕು, ಬಿಟ್ಟು ಹೋಗುವಾಗ ಲೆಕ್ಕ ಹೇಗೆ ಚುಕ್ತಾ ಮಾಡಬೇಕು ಇವೆಲ್ಲ ಈ ವಿಷಯದ ಒಳಗೆ ಬರುತ್ತವೆ. ಒಬ್ಬ ಮನುಷ್ಯ ಗೇಟಿನ ಒಳಗೆ ಬಂದ ದಿನದಿಂದ ನಿವೃತ್ತಿಯಾಗುವವರೆಗೆ ಅವನ ಬಗ್ಗೆ ಆಗುವ ತೀರ್ಮಾನಗಳ ಪಾಠ ಇದು.

ಮೊದಲ ವರ್ಷದಲ್ಲಿ ಏನೇನು ಓದ್ಬೇಕಾಗುತ್ತೆ?

ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದರೆ ಅಧ್ಯಾಯಗಳ ಸಾಲು ಹೆಚ್ಚುಕಮ್ಮಿ ಒಂದೇ: ವಿಷಯದ ಪರಿಚಯ, ಕೆಲಸದ ವಿಶ್ಲೇಷಣೆ, ಸಿಬ್ಬಂದಿ ಯೋಜನೆ, ನೇಮಕಾತಿ ಮತ್ತು ಆಯ್ಕೆ, ತರಬೇತಿ, ಕಾರ್ಯಕ್ಷಮತೆಯ ಮೌಲ್ಯಮಾಪನ, ಸಂಬಳ ಸವಲತ್ತು, ಅಹವಾಲು, ಶಿಸ್ತು, ಕೈಗಾರಿಕಾ ಸಂಬಂಧ. ಕಾನೂನಿನ ಪರಿಚಯವೂ ಇರುತ್ತದೆ. ಕಾನೂನನ್ನು ಆಳವಾಗಿ ಓದುವುದು ಮುಂದೆ, ಎಚ್.ಆರ್. ಅನ್ನೇ ಆರಿಸಿಕೊಂಡವರಿಗೆ.

ಇದು ಸುಮ್ನೆ ಓದಿ ಬರೆಯೋ ಪೇಪರ್, ಅಕೌಂಟ್ಸ್ ಥರ ಕಷ್ಟ ಇಲ್ಲ ಅಂತ ಸೀನಿಯರ್ಸ್ ಹೇಳ್ತಾರೆ. ನಿಜಾನಾ?

ಪಾಸಾಗುವುದು ಸುಲಭ. ಕಲಿಯುವುದು ಸುಲಭ ಅಲ್ಲ. ಅಕೌಂಟ್ಸ್‌ನಲ್ಲಿ ತಪ್ಪಾದರೆ ಎರಡು ಕಡೆ ತಾಳೆಯಾಗುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಇಲ್ಲಿ ತಪ್ಪಾದರೆ ಪುಸ್ತಕದಲ್ಲಿ ಏನೂ ಕಾಣುವುದಿಲ್ಲ. ಯಾರದ್ದೋ ಬಡ್ತಿ ತಪ್ಪಿರುತ್ತದೆ, ಯಾರದ್ದೋ ಪಿ.ಎಫ್. ಕಟ್ಟದೇ ಉಳಿದಿರುತ್ತದೆ. ಅದಕ್ಕೇ ನಾನು ಮೊದಲ ದಿನದಿಂದ ಒಂದೇ ಮಾತು ಹೇಳುತ್ತೇನೆ: ಯಾವ ತೀರ್ಮಾನವಾದರೂ ಕಾರಣ ಸಮೇತ ಬರೆದಿಡಲು ಕಲಿಯಿರಿ. ಇನ್ನೊಬ್ಬರ ಜೀವನದ ಬಗ್ಗೆ ಬಾಯಿಮಾತಿನಲ್ಲಿ ತೀರ್ಮಾನ ಮಾಡಬಾರದು.

ನನ್ನ ಮಗಳು ಕನ್ನಡ ಮೀಡಿಯಂನಲ್ಲಿ ಓದಿದವಳು, ದಿನಾ ಮಂಡ್ಯದಿಂದ ರೈಲಲ್ಲಿ ಓಡಾಡ್ತಾಳೆ. ಇಂಗ್ಲಿಷ್ ಬರದಿದ್ರೆ ಈ ಲೈನ್ ಕಷ್ಟ ಅಲ್ವಾ?

ಪುಸ್ತಕದ ಇಂಗ್ಲಿಷ್ ಮೊದಲ ಕೆಲವು ತಿಂಗಳು ತೊಂದರೆ ಕೊಡುತ್ತದೆ, ನಿಜ. ಪದಗಳು ಮಾತ್ರ ಬೇಗ ಪರಿಚಯವಾಗುತ್ತವೆ, ಯಾಕೆಂದರೆ ಅವೇ ಮತ್ತೆ ಮತ್ತೆ ಬರುತ್ತವೆ. ಇನ್ನೊಂದು ಕಡೆಯಿಂದ ನೋಡಿ. ಮದ್ದೂರಿನ ಗಾರ್ಮೆಂಟ್ಸ್‌ನಲ್ಲೋ, ನಂಜನಗೂಡಿನ ಕಾರ್ಖಾನೆಯಲ್ಲೋ ಕಾರ್ಮಿಕರು ತಮ್ಮ ಕಷ್ಟ ಹೇಳುವುದು ಕನ್ನಡದಲ್ಲಿ. ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು "ಸೂಪರ್‌ವೈಸರ್ ಸರಿ ಇಲ್ಲ" ಎಂದಾಗ ಆ ಮಾತಿನ ಹಿಂದೆ ಏನಿದೆ ಎಂದು ಗ್ರಹಿಸಲು ಆ ಭಾಷೆ ಒಳಗಿನಿಂದ ಗೊತ್ತಿರಬೇಕು. ನಿಮ್ಮ ಮಗಳಿಗೆ ಅದು ಆಗಲೇ ಗೊತ್ತು. ಇಂಗ್ಲಿಷ್‌ನಲ್ಲಿ ಒಂದು ಪುಟದ ಪತ್ರ ತಪ್ಪಿಲ್ಲದೆ ಬರೆಯುವುದನ್ನು ರೂಢಿ ಮಾಡಿಕೊಳ್ಳಲಿ, ಸಾಕು.

### ಪಾಠದ ಒಳಗೆ

ಪರ್ಸೊನೆಲ್ ಮ್ಯಾನೇಜ್‌ಮೆಂಟ್‌ಗೂ ಎಚ್.ಆರ್.ಎಂ.ಗೂ ವ್ಯತ್ಯಾಸ ಬರೀರಿ ಅಂತ ಪ್ರತಿ ಸಲ ಕೇಳ್ತಾರೆ. ಬಾಯಿಪಾಠ ಮಾಡದೆ ನೆನಪಿಡೋದು ಹೇಗೆ?

ಇತಿಹಾಸ ಗೊತ್ತಿದ್ದರೆ ಪಟ್ಟಿ ತಾನಾಗಿ ಬರುತ್ತದೆ. ನಮ್ಮ ದೇಶದಲ್ಲಿ ಕಾರ್ಖಾನೆಗಳು ಬೆಳೆದ ಹೊಸದರಲ್ಲಿ ಕೆಲಸಕ್ಕೆ ಜನ ತರುತ್ತಿದ್ದುದು ಮೇಸ್ತ್ರಿಗಳು. ಕೆಲಸ ಕೊಡಿಸಲು ಲಂಚ, ಉಳಿಸಿಕೊಳ್ಳಲು ಮತ್ತೆ ಲಂಚ. 1929ರಲ್ಲಿ ನೇಮಕವಾದ ಕಾರ್ಮಿಕರ ರಾಯಲ್ ಕಮಿಷನ್ 1931ರ ವರದಿಯಲ್ಲಿ ಈ ಪದ್ಧತಿ ತಪ್ಪಿಸಲು ಲೇಬರ್ ಆಫೀಸರ್‌ಗಳನ್ನು ನೇಮಿಸಿ ಎಂದಿತು. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ವೆಲ್‌ಫೇರ್ ಆಫೀಸರ್ ಇರಲೇಬೇಕು ಎಂದಿತು. ಇದು ಪರ್ಸೊನೆಲ್ ಕಾಲ. ಹಾಜರಿ, ಸಂಬಳ, ಕ್ಯಾಂಟೀನ್, ಶಿಸ್ತು, ಕಾನೂನು ಪಾಲನೆ ಅದರ ಕೆಲಸ.

1975ರ ಹೊತ್ತಿಗೆ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಬೇರೆಯದೇ ವ್ಯವಸ್ಥೆ ರೂಪಿಸಿಕೊಟ್ಟರು. ನೌಕರನ ಬೆಳವಣಿಗೆ, ತರಬೇತಿ, ಮುಂದಿನ ಹುದ್ದೆಗೆ ತಯಾರಿ ಇವಕ್ಕೆ ಅಲ್ಲಿ ಒತ್ತು ಸಿಕ್ಕಿತು. ಅಲ್ಲಿಂದ ಮುಂದೆ ನೌಕರನನ್ನು ಖರ್ಚು ಎಂದು ನೋಡುವ ಬದಲು ಬೆಳೆಸಬೇಕಾದ ಶಕ್ತಿ ಎಂದು ನೋಡುವ ಮಾತು ಇಲ್ಲಿ ಬೇರೂರಿತು. ಪರೀಕ್ಷೆಯಲ್ಲಿ ಈ ಎರಡು ಕಾಲಗಳನ್ನು ಎದುರುಬದುರು ಇಟ್ಟು ಬರೆಯಿರಿ. ಆದರೆ ಹಳೆಯದು ಹೋಯಿತು ಎಂದು ಬರೆಯಬೇಡಿ. ಹಾಜರಿ, ಸಂಬಳದ ಲೆಕ್ಕ ತಪ್ಪುವ ಕಡೆ ಯಾವ ಹೊಸ ಯೋಜನೆಯೂ ನಿಲ್ಲುವುದಿಲ್ಲ.

ಜಾಬ್ ಡಿಸ್ಕ್ರಿಪ್ಷನ್, ಜಾಬ್ ಸ್ಪೆಸಿಫಿಕೇಷನ್ ಎರಡೂ ಒಂದೇ ಥರ ಕಾಣುತ್ತೆ, ಕನ್ಫ್ಯೂಸ್ ಆಗುತ್ತೆ.

ಮೊದಲನೆಯದು ಕೆಲಸದ ಬಗ್ಗೆ, ಎರಡನೆಯದು ಮನುಷ್ಯನ ಬಗ್ಗೆ. ಹಾಲಿನ ಡೇರಿಯ ಲ್ಯಾಬ್ ಕೆಲಸ ತಗೊಳ್ಳಿ. ಬಂದ ಹಾಲಿನ ಮಾದರಿ ತೆಗೆಯುವುದು, ಕೊಬ್ಬಿನ ಅಂಶ ಪರೀಕ್ಷಿಸುವುದು, ದಾಖಲೆ ಬರೆಯುವುದು, ಯಾರಿಗೆ ವರದಿ ಮಾಡಬೇಕು ಎಂಬುದು ಡಿಸ್ಕ್ರಿಪ್ಷನ್. ಡೇರಿ ಟೆಕ್ನಾಲಜಿ ಅಥವಾ ಕೆಮಿಸ್ಟ್ರಿ ಓದಿರಬೇಕು, ಬೆಳಗಿನ ಜಾವದ ಶಿಫ್ಟಿಗೆ ಬರಲು ಸಾಧ್ಯವಿರಬೇಕು ಎಂಬುದು ಸ್ಪೆಸಿಫಿಕೇಷನ್. ಎರಡಕ್ಕೂ ಮೂಲ ಜಾಬ್ ಅನಾಲಿಸಿಸ್, ಅಂದರೆ ಕೆಲಸ ಮಾಡುವವರ ಪಕ್ಕದಲ್ಲಿ ನಿಂತು ನೋಡಿ, ಕೇಳಿ ಬರೆದುಕೊಳ್ಳುವುದು. ಕೆಲಸಕ್ಕೆ ಬೇಡದ ಅರ್ಹತೆಯನ್ನು ಸ್ಪೆಸಿಫಿಕೇಷನ್‌ಗೆ ಸೇರಿಸುವುದು ಬಹಳ ಕಡೆ ನಡೆಯುವ ಅನ್ಯಾಯ. ಪ್ಯಾಕಿಂಗ್ ಕೆಲಸಕ್ಕೆ ಡಿಗ್ರಿ ಯಾಕೆ ಬೇಕು ಎಂದು ಕೇಳುವ ಧೈರ್ಯ ನಿಮಗಿರಲಿ.

ಸಿಬ್ಬಂದಿ ಯೋಜನೆ ಅಂತ ಪುಸ್ತಕದಲ್ಲಿ ದೊಡ್ಡ ಚಾರ್ಟ್ ಇದೆ. ಅರ್ಥ ಆಗೋ ಹಾಗೆ ಒಂದು ಉದಾಹರಣೆ ಕೊಡಿ.

ಮಂಡ್ಯದಲ್ಲೇ ಇದೆ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯನ್ನು ನೆನಪು ಮಾಡಿಕೊಳ್ಳಿ. ಸಕ್ಕರೆ ಕಾರ್ಖಾನೆ ವರ್ಷವಿಡೀ ಒಂದೇ ಸಮ ನಡೆಯುವುದಿಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಹಗಲು ರಾತ್ರಿ ಮೂರು ಶಿಫ್ಟ್. ಹಂಗಾಮು ಮುಗಿದ ಮೇಲೆ ಯಂತ್ರಗಳ ರಿಪೇರಿ. ಹಾಗಾಗಿ ಸಕ್ಕರೆ ಉದ್ಯಮದಲ್ಲಿ ಕಾಯಂ ನೌಕರರು, ಹಂಗಾಮಿ ನೌಕರರು ಎಂದು ಬೇರೆ ಬೇರೆ ಇರುತ್ತಾರೆ. ಬಾಯ್ಲರ್ ನೋಡಿಕೊಳ್ಳುವವರಿಗೆ ಪ್ರಮಾಣಪತ್ರ ಇರಲೇಬೇಕು, ಅವರು ಬೇರೆ ಊರಿಗೆ ಹೋದರೆ ಮುಂದಿನ ಹಂಗಾಮಿಗೆ ಹುಡುಕುವುದು ಕಷ್ಟ. ನುರಿತವರು ಕೈಬಿಟ್ಟು ಹೋಗದಿರಲಿ ಎಂದೇ ಕೆಲಸವಿಲ್ಲದ ತಿಂಗಳುಗಳಿಗೆ ರಿಟೆನ್ಷನ್ ಭತ್ಯೆ ಕೊಡುವ ಪದ್ಧತಿ ಈ ಉದ್ಯಮದಲ್ಲಿ ಬೆಳೆದಿದೆ.

ಈಗ ಚಾರ್ಟ್ ನೋಡಿ. ಬೇಡಿಕೆಯ ಅಂದಾಜು ಎಂದರೆ ಈ ಸಲ ಎಷ್ಟು ಕಬ್ಬು ಬರಬಹುದು, ಅದಕ್ಕೆ ಎಷ್ಟು ಕೈ ಬೇಕು. ಪೂರೈಕೆಯ ಅಂದಾಜು ಎಂದರೆ ಹಳಬರಲ್ಲಿ ಎಷ್ಟು ಜನ ವಾಪಸ್ ಬರುತ್ತಾರೆ, ಎಷ್ಟು ಜನ ನಿವೃತ್ತರಾಗುತ್ತಾರೆ. ಎರಡರ ನಡುವಿನ ಅಂತರವನ್ನು ತುಂಬುವ ದಾರಿ ಹುಡುಕುವುದೇ ಯೋಜನೆ. ಇದೇ ಲೆಕ್ಕವನ್ನು ದಸರಾ ಸಮಯದ ಮೈಸೂರಿನ ಹೋಟೆಲ್‌ಗಳಿಗೆ ನೀವೇ ಹಾಕಿ ನೋಡಿ. ಅಲ್ಲಿ ರಿಟೆನ್ಷನ್ ಭತ್ಯೆ ಯಾಕೆ ಇರುವುದಿಲ್ಲ ಎಂದು ಯೋಚಿಸಿದರೆ ಅರ್ಧ ಅಧ್ಯಾಯ ಬಂದ ಹಾಗೆ.

ನೇಮಕಾತಿ, ಆಯ್ಕೆ ಎರಡರಲ್ಲಿ ಯಾವುದು ಮೊದಲು? ಆಮೇಲೆ, ಇಂಟರ್‌ವ್ಯೂ ಬರೀ ನಾಟಕ ಅಂತಾರಲ್ಲ?

ನೇಮಕಾತಿ ಮೊದಲು. ಅರ್ಜಿ ಹಾಕುವವರನ್ನು ಹೆಚ್ಚಿಸುವುದು ಅದರ ಗುರಿ. ಬಂದವರಲ್ಲಿ ಸರಿಯಾದವರನ್ನು ಉಳಿಸಿಕೊಳ್ಳುವುದು ಆಯ್ಕೆ. ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ಸೋಸುತ್ತದೆ.

ಇಂಟರ್‌ವ್ಯೂ ನಾಟಕವಾಗುವುದು ಬಾಯಿಗೆ ಬಂದ ಪ್ರಶ್ನೆ ಕೇಳಿದಾಗ. "ನಿಮ್ಮ ಊರು ಯಾವುದು, ಅಪ್ಪ ಏನು ಮಾಡ್ತಾರೆ" ಎಂದು ಶುರುವಾಗಿ ನೆಂಟಸ್ತಿಕೆ ಪತ್ತೆಯಾಗಿ ಮುಗಿಯುವ ಇಂಟರ್‌ವ್ಯೂನಿಂದ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಗಳು, ಮೊದಲೇ ಬರೆದಿಟ್ಟ ಅಂಕದ ಮಾನದಂಡ, ಇಬ್ಬರು ಮೂವರು ಬೇರೆ ಬೇರೆಯಾಗಿ ಅಂಕ ಹಾಕುವುದು, ಇದು ರಚಿತ ಇಂಟರ್‌ವ್ಯೂ. ಮುಂದೆ ಆ ವ್ಯಕ್ತಿ ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಹೇಳುವುದರಲ್ಲಿ ಇದು ಎಷ್ಟೋ ಮೇಲು ಎಂದು ಹಲವು ದಶಕಗಳ ಸಂಶೋಧನೆ ತೋರಿಸಿದೆ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ಮಾಸ್ಲೊ, ಹಾಥಾರ್ನ್ ಎಲ್ಲಾ ಅಮೆರಿಕದ ಕಥೆ. ನಮ್ಮ ಹೆಬ್ಬಾಳ, ಹೂಟಗಳ್ಳಿ ಫ್ಯಾಕ್ಟರಿಗೆ ಅದು ಯಾಕೆ?

ಅಲ್ಲಿ ಕಂಡದ್ದು ಇಲ್ಲಿಯೂ ಕಾಣುತ್ತದೆ, ಅದಕ್ಕೆ. ಹಾಥಾರ್ನ್ ಪ್ರಯೋಗಗಳು ನಡೆದದ್ದು ಶಿಕಾಗೊ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ, 1924ರಿಂದ 1932ರವರೆಗೆ. ಬೆಳಕು ಹೆಚ್ಚಿಸಿದಾಗ ಉತ್ಪಾದನೆ ಏರಿತು, ಕಮ್ಮಿ ಮಾಡಿದಾಗಲೂ ಏರಿತು ಎಂಬ ಕಥೆಯನ್ನೇ ಎಲ್ಲರೂ ಬರೆಯುತ್ತಾರೆ. ಆ ಬೆಳಕಿನ ಅಂಕಿಅಂಶಗಳನ್ನು 2011ರಲ್ಲಿ ಮತ್ತೆ ಪರಿಶೀಲಿಸಿದಾಗ ಪರಿಣಾಮ ಹೇಳಿಕೊಂಡಷ್ಟು ದೊಡ್ಡದಲ್ಲ ಎಂದು ಗೊತ್ತಾಯಿತು.

ನನಗೆ ಮುಖ್ಯ ಅನ್ನಿಸುವುದು ಕೊನೆಯ ಪ್ರಯೋಗ. ವೈರಿಂಗ್ ಕೋಣೆಯಲ್ಲಿ 14 ಗಂಡಸರನ್ನು ಗಮನಿಸಿದರು. ಹೆಚ್ಚು ಕೆಲಸ ಮಾಡಿದರೆ ಹೆಚ್ಚು ದುಡ್ಡು ಎಂದಿದ್ದರೂ ಅವರು ತಾವೇ ಒಂದು ಮಿತಿ ಹಾಕಿಕೊಂಡಿದ್ದರು. ಜಾಸ್ತಿ ಮಾಡುವವನನ್ನು ಜೊತೆಯವರೇ ತಡೆಯುತ್ತಿದ್ದರು. ಇವತ್ತು ಜಾಸ್ತಿ ಮಾಡಿ ತೋರಿಸಿದರೆ ನಾಳೆ ದರ ಇಳಿಸುತ್ತಾರೆ, ಗುರಿ ಏರಿಸುತ್ತಾರೆ ಎಂಬ ಭಯ. ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್‌ನಲ್ಲಿ ಹೊಲಿಯುವ ಯಾರನ್ನಾದರೂ ಕೇಳಿ, ಇದೇ ಮಾತು ಹೇಳುತ್ತಾರೆ. ಅವರನ್ನು ಸೋಮಾರಿ ಎನ್ನುವ ಮೊದಲು ಈ ಅಧ್ಯಾಯ ಓದಬೇಕು.

ಮನಶ್ಶಾಸ್ತ್ರಜ್ಞ ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳ ಬಗ್ಗೆ ಬರೆದ ಲೇಖನದಲ್ಲಿ, ಹಸಿವಿನಿಂದ ಶುರುವಾಗಿ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಗತ್ಯಗಳನ್ನು ಜೋಡಿಸಿ ನೀವು ಬಿಡಿಸುವ ತ್ರಿಕೋನ ಇಲ್ಲ. ಅದನ್ನು ಆಮೇಲೆ ಬೇರೆಯವರು ಸೇರಿಸಿದರು. ಕೆಳಗಿನ ಮೆಟ್ಟಿಲು ಪೂರ್ತಿ ತುಂಬಿದ ಮೇಲೆಯೇ ಮುಂದಿನದು ಎಂದು ಅವರೂ ಹೇಳಿಲ್ಲ. ಸಂಬಳ ಕಮ್ಮಿ ಇರುವವರಿಗೂ ಮರ್ಯಾದೆ ಬೇಕು.

ಟ್ರೈನಿಂಗ್ ಕೊಟ್ಟಿದ್ದು ಉಪಯೋಗ ಆಯ್ತಾ ಅಂತ ಹೇಗೆ ಗೊತ್ತಾಗುತ್ತೆ?

ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತಗಳನ್ನು ಓದಿ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಸಂಸ್ಥೆಗೆ ಫಲ ಸಿಕ್ಕಿತಾ. ಬಹಳ ಕಡೆ ಮೊದಲ ಹಂತಕ್ಕೇ ನಿಲ್ಲುತ್ತಾರೆ. ತರಬೇತಿ ಮುಗಿದ ಮೂರು ತಿಂಗಳ ಮೇಲೆ ಯಂತ್ರದ ಹತ್ತಿರ ಹೋಗಿ ನೋಡುವುದು ಮೂರನೆಯ ಹಂತ.

ವರ್ಷಕ್ಕೊಂದ್ಸಲ ರೇಟಿಂಗ್ ಕೊಡ್ತಾರಲ್ಲ, ಅದು ಬಾಸ್‌ಗೆ ಇಷ್ಟ ಆದವರಿಗೆ ಮಾತ್ರ ಅಲ್ವಾ?

ಹಾಗಾಗುವ ಅಪಾಯ ಇದೆ, ಪಾಠವೇ ಅದನ್ನು ಒಪ್ಪುತ್ತದೆ. ಒಂದು ಒಳ್ಳೆಯ ಗುಣ ನೋಡಿ ಎಲ್ಲದಕ್ಕೂ ಹೆಚ್ಚು ಅಂಕ ಹಾಕುವುದು ಹೇಲೊ ಪರಿಣಾಮ. ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಇದನ್ನು 1920ರಲ್ಲೇ ಗುರುತಿಸಿದರು. ಮಾರ್ಚ್ ತಿಂಗಳ ಕೆಲಸ ಮಾತ್ರ ನೆನಪಿಟ್ಟು ವರ್ಷದ ಅಂಕ ಹಾಕುವುದು ಇನ್ನೊಂದು ತಪ್ಪು. ಯಾರಿಗೂ ಬೇಜಾರಾಗದಿರಲಿ ಎಂದು ಎಲ್ಲರಿಗೂ ನಡುವಿನ ಅಂಕ ಹಾಕುವುದು ಮತ್ತೊಂದು. ಪೂರ್ತಿ ತಪ್ಪಿಸಲು ಆಗುವುದಿಲ್ಲ. ಮೇಲಧಿಕಾರಿ ವರ್ಷವಿಡೀ ಘಟನೆಗಳನ್ನು ತಾರೀಖಿನ ಸಮೇತ ಬರೆದಿಟ್ಟರೆ, ನೌಕರನಿಗೆ ತನ್ನ ಅಂಕ ನೋಡಿ ಪ್ರಶ್ನಿಸುವ ಅವಕಾಶ ಇದ್ದರೆ ತಪ್ಪು ಬಹಳ ಕಮ್ಮಿಯಾಗುತ್ತದೆ.

### ಸಂಬಳ ಮತ್ತು ಕಾನೂನು

ಸಿಟಿಸಿ 3 ಲಕ್ಷ ಅಂದ್ರು, ಕೈಗೆ ಬಂದಿದ್ದು ತಿಂಗಳಿಗೆ 21 ಸಾವಿರ ಚಿಲ್ಲರೆ. ಮೋಸ ಆಯ್ತಾ ಮೇಡಂ?

ಮೋಸ ಇರಲಿಕ್ಕಿಲ್ಲ, ಲೆಕ್ಕ ಹಾಕೋಣ. ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು. 3 ಲಕ್ಷವನ್ನು 12ರಿಂದ ಭಾಗಿಸಿದರೆ 25,000. ಮೂಲ ವೇತನ 12,500 ಅಂದುಕೊಳ್ಳಿ. ಕಂಪನಿಯ ಪಾಲಿನ ಪಿ.ಎಫ್. ಶೇ. 12, ಅಂದರೆ 1,500. ಗ್ರಾಚ್ಯುಟಿಗೆ, ಅಂದರೆ ವರ್ಷಗಳ ಸೇವೆಗೆ ಕೆಲಸ ಬಿಡುವಾಗ ಕೊಡುವ ಹಣಕ್ಕೆ, ಎತ್ತಿಡುವುದು ಸುಮಾರು 600. ಉಳಿದ 10,400 ಮನೆ ಬಾಡಿಗೆ, ಪ್ರಯಾಣ ಭತ್ಯೆ. ಕಂಪನಿ ಪಾಲಿನ ಪಿ.ಎಫ್., ಗ್ರಾಚ್ಯುಟಿ ಎರಡೂ ತಿಂಗಳ ಸಂಬಳದಲ್ಲಿ ನಿಮ್ಮ ಕೈಗೆ ಬರುವುದಿಲ್ಲ, ಹಾಗಾಗಿ ಸಂಬಳದ ಚೀಟಿಯಲ್ಲಿ ಒಟ್ಟು 22,900. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. ಮತ್ತೆ 1,500 ಹೋದರೆ 21,400.

ಕಂಪನಿಯ 12ರಲ್ಲಿ ಶೇ. 8.33 ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 3.67 ನಿಮ್ಮ ಪಿ.ಎಫ್. ಖಾತೆಗೆ. ಸಂಬಳ 21,000 ಮೀರದವರು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ನೌಕರನಿಂದ ಶೇ. 0.75, ಮಾಲೀಕರಿಂದ ಶೇ. 3.25. ಮನೆಯಲ್ಲಿ ಯಾರಾದರೂ ಕೆಲಸದಲ್ಲಿದ್ದರೆ ಅವರ ಸಂಬಳದ ಚೀಟಿ ಇಟ್ಟುಕೊಂಡು ಒಂದೊಂದು ಸಾಲೂ ಯಾಕೆ ಬಂತು ಎಂದು ಬರೆಯಿರಿ. ಸಂಬಳದ ಅಧ್ಯಾಯ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಡಿತವಾದ ಪಿ.ಎಫ್. ನಿಜವಾಗಿ ಖಾತೆಗೆ ಬಿದ್ದಿದೆಯಾ ಎಂದೂ ಪಾಸ್‌ಬುಕ್‌ನಲ್ಲಿ ನೋಡಿಸಿ.

ಪುಸ್ತಕದಲ್ಲಿ 1947, 1948ರ ಕಾಯ್ದೆಗಳಿವೆ. ಈಗ ಹೊಸ ಕೋಡ್ ಬಂದಿದೆ ಅಂತಾರೆ. ಯಾವುದು ಓದ್ಲಿ?

ಎರಡೂ. ಕಾರ್ಮಿಕರ ಕುರಿತ 29 ಕೇಂದ್ರ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ (ಕೋಡ್) ಸೇರಿಸಿದ್ದಾರೆ. ವೇತನ ಸಂಹಿತೆ 2019ರದ್ದು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆಯ ಸಂಹಿತೆಗಳು 2020ರವು. ನಾಲ್ಕೂ 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಹಳೆಯ ತೀರ್ಪುಗಳು, ಹಳೆಯ ಒಪ್ಪಂದಗಳು ಹಳೆಯ ಕಾಯ್ದೆಯ ಭಾಷೆಯಲ್ಲೇ ಇವೆ, ಹಾಗಾಗಿ ಅದನ್ನು ಬಿಡಲು ಆಗುವುದಿಲ್ಲ.

ಬದಲಾವಣೆಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಕ್ಯಾಂಟೀನ್ ಕಡ್ಡಾಯವಾಗುವ ಮಿತಿ 250 ಕಾರ್ಮಿಕರಿಂದ 100ಕ್ಕೆ ಇಳಿದಿದೆ. ವೆಲ್‌ಫೇರ್ ಆಫೀಸರ್ 500ರ ಬದಲು 250 ಕಾರ್ಮಿಕರಿದ್ದರೇ ಬೇಕು. ನೇಮಕಾತಿ ಪತ್ರ ಕಡ್ಡಾಯವಾಗಿದೆ. ಇದು ತುಂಬ ದೊಡ್ಡ ವಿಷಯ, ಯಾಕೆಂದರೆ ಪತ್ರವೇ ಇಲ್ಲದೆ ವರ್ಷಗಟ್ಟಲೆ ದುಡಿದವರನ್ನು ನಾವೆಲ್ಲ ನೋಡಿದ್ದೇವೆ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಇನ್ನೊಂದು ಕಡೆ, ಲಿಖಿತ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತು, ರಜೆ, ಶಿಸ್ತಿನ ಬಗ್ಗೆ ಬರೆದಿಟ್ಟ ನಿಯಮಗಳು, ಕಡ್ಡಾಯವಾಗುವ ಮಿತಿ ಕೇಂದ್ರ ಕಾಯ್ದೆಯಲ್ಲಿ 100 ಕಾರ್ಮಿಕರು ಇದ್ದದ್ದು 300ಕ್ಕೆ ಏರಿದೆ. ಸಣ್ಣ ಘಟಕದ ಕಾರ್ಮಿಕರಿಗೆ ಇದು ನಷ್ಟ ಎಂದೇ ನನ್ನ ಅಭಿಪ್ರಾಯ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಈ ಸಂಹಿತೆಗಳಲ್ಲಿ ಸೇರಿಲ್ಲ, ಹಾಗೆಯೇ ಇದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ನೌಕರರಾಗಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು.

ನಮ್ಮಪ್ಪ 10 ವರ್ಷ ಒಂದೇ ಫ್ಯಾಕ್ಟರೀಲಿ ಮಾಡಿದ್ರು. ಗ್ರಾಚ್ಯುಟಿ ಎಷ್ಟು ಬರ್ಬೇಕು?

ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಆ ಮೊತ್ತ 26,000 ಇದ್ದರೆ ವರ್ಷಕ್ಕೆ 15,000, ಹತ್ತು ವರ್ಷಕ್ಕೆ 1,50,000. ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು.

ತಪ್ಪು ಮಾಡಿದವನನ್ನ ಆವತ್ತೇ ಕೆಲಸದಿಂದ ತೆಗೀಬಹುದಲ್ವಾ? ಇಷ್ಟು ವಿಚಾರಣೆ ಎಲ್ಲಾ ಯಾಕೆ?

ತೆಗೆಯುವಂತಿಲ್ಲ. ಏನು ತಪ್ಪು, ಯಾವ ದಿನ, ಎಲ್ಲಿ ಎಂದು ಬರೆದ ಆರೋಪ ಪಟ್ಟಿ ಕೊಡಬೇಕು. ಉತ್ತರಿಸಲು ಸಮಯ ಕೊಡಬೇಕು. ಸಾಕ್ಷಿಗಳನ್ನು ಅವನೆದುರಿಗೇ ಕೇಳಬೇಕು, ಅವನಿಗೆ ಪಾಟೀಸವಾಲು ಮಾಡಲು ಬಿಡಬೇಕು. ದೂರು ಕೊಟ್ಟವರೇ ವಿಚಾರಣೆ ನಡೆಸಬಾರದು. ವಿಚಾರಣೆ ಬಾಕಿ ಇರುವಾಗ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ವೇತನ ಜೀವನಾಧಾರ ಭತ್ಯೆಯಾಗಿ ಕೊಡಬೇಕು. ಆಮೇಲೂ ತಡವಾದರೆ, ತಡಕ್ಕೆ ಅವನು ಕಾರಣನಲ್ಲದಿದ್ದರೆ, ಶೇ. 75. ಇದು ಬರೀ ಔಪಚಾರಿಕತೆ ಎಂದುಕೊಳ್ಳಬೇಡಿ. ಆರೋಪ ಸುಳ್ಳಿದ್ದರೆ ಅದು ಹೊರಬರುವ ಜಾಗ ಇದೊಂದೇ.

### ಇನ್ನೂ ಮುಂದಕ್ಕೆ

ಎಚ್.ಆರ್. ಯಾರ ಕಡೆ? ಮ್ಯಾನೇಜ್‌ಮೆಂಟ್ ಕಡೆನಾ, ಕಾರ್ಮಿಕರ ಕಡೆನಾ?

ಸಂಬಳ ಕೊಡುವುದು ಮ್ಯಾನೇಜ್‌ಮೆಂಟ್. ಅದನ್ನು ಮುಚ್ಚಿಡಬಾರದು. ನಾನು ಇಬ್ಬರ ಕಡೆಗೂ ಸಮ ಎಂದು ಹೇಳಿಕೊಳ್ಳುವವರನ್ನು ಕಾರ್ಮಿಕರು ನಂಬುವುದಿಲ್ಲ, ಅವರು ನಂಬದಿರುವುದೇ ಸರಿ. ಹಾಗಂತ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೂ ಕೆಲಸ ಅಲ್ಲ. ಓ.ಟಿ.ಗೆ ದುಪ್ಪಟ್ಟು ದರ ಕೊಡಬೇಕು ಎಂದು ಕಾನೂನು ಹೇಳಿದರೆ ಅದನ್ನು ಮ್ಯಾನೇಜರ್‌ಗೆ ಬರೆದು ತಿಳಿಸುವವರು ನೀವೇ. ಯೂನಿಯನ್ ಇದ್ದರೆ ಅದನ್ನು ಶತ್ರು ಎಂದು ನೋಡಬೇಡಿ. ಸಾವಿರ ಜನರ ಜೊತೆ ಒಬ್ಬೊಬ್ಬರಾಗಿ ಮಾತಾಡಲು ಆಗುವುದಿಲ್ಲ, ಅವರ ಪರವಾಗಿ ಮಾತಾಡುವವರು ಇರುವುದು ನಿಮಗೂ ಅನುಕೂಲ. 1918ರ ಅಹಮದಾಬಾದ್ ಮಿಲ್ ಮುಷ್ಕರ, ಅದರ ಬೆನ್ನಿಗೆ 1920ರಲ್ಲಿ ಹುಟ್ಟಿದ ಅಲ್ಲಿನ ಜವಳಿ ಕಾರ್ಮಿಕರ ಸಂಘ, ಇವುಗಳ ಬಗ್ಗೆ ಓದಿ. ಮಾತುಕತೆ, ಮಧ್ಯಸ್ಥಿಕೆ ಎಂಬ ಪದಗಳಿಗೆ ಜೀವ ಬರುತ್ತದೆ.

ಎಚ್.ಆರ್.ನಲ್ಲಿ ಲೆಕ್ಕ ಇರಲ್ಲ ಅಂತ ಬಂದೆ. ಈಗ ಅನಾಲಿಟಿಕ್ಸ್ ಅಂತಿದಾರೆ!

ಹೆದರಬೇಡಿ. ಅನಾಲಿಟಿಕ್ಸ್ ಎಂದರೆ ನೌಕರರ ಅಂಕಿಅಂಶ ಬಿಡಿಸಿ ನೋಡುವುದು, ಶುರುವಿಗೆ ಶೇಕಡಾವಾರು ಗೊತ್ತಿದ್ದರೆ ಸಾಕು. ವರ್ಷದ ಮೊದಲು 400 ಜನ, ಕೊನೆಗೆ 440 ಅಂದುಕೊಳ್ಳಿ. ಸರಾಸರಿ 420. ಆ ವರ್ಷ ಕೆಲಸ ಬಿಟ್ಟವರು 84 ಆದರೆ ಬಿಡುವ ಪ್ರಮಾಣ ಶೇ. 20. ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ. ಬಿಟ್ಟವರಲ್ಲಿ ಎಷ್ಟು ಜನ ಮೊದಲ ಮೂರು ತಿಂಗಳಲ್ಲೇ ಹೋದರು? ಒಂದೇ ಸೂಪರ್‌ವೈಸರ್ ಕೈಕೆಳಗಿನವರೇ ಜಾಸ್ತಿಯಾ? ವ್ಯಾನ್ ಹೋಗದ ಹಳ್ಳಿಗಳಿಂದ ಬಂದವರಾ? ಹೀಗೆ ಬಿಡಿಸಿ ನೋಡಿದಾಗ ಆ 20ರ ಹಿಂದೆ ಏನಿದೆ ಎಂದು ಕಾಣುತ್ತದೆ.

ಎಐ ಬಂದು ರೆಸ್ಯೂಮೆ ಎಲ್ಲಾ ಅದೇ ನೋಡುತ್ತೆ ಅಂದ್ರೆ ನಮಗೆ ಕೆಲಸ ಎಲ್ಲಿರುತ್ತೆ?

ಅರ್ಜಿ ಜೋಡಿಸುವ, ಹಾಜರಿ ಲೆಕ್ಕ ಹಾಕುವ ಕೆಲಸ ಕಮ್ಮಿಯಾಗುತ್ತದೆ. ಎಐ ಮಾಡಿದ ತೀರ್ಮಾನ ಸರಿಯಾ ಎಂದು ನೋಡುವ ಕೆಲಸ ಹೆಚ್ಚಾಗುತ್ತದೆ. ಅಮೆಜಾನ್ ಕಂಪನಿ ಅರ್ಜಿಗಳಿಗೆ ಅಂಕ ಹಾಕುವ ಒಂದು ಸಾಧನ ಮಾಡಿ ಆಮೇಲೆ ಕೈಬಿಟ್ಟ ವಿಷಯ 2018ರಲ್ಲಿ ಸುದ್ದಿಯಾಯಿತು. ಹಿಂದಿನ ವರ್ಷಗಳಲ್ಲಿ ಅರ್ಜಿ ಹಾಕಿದವರಲ್ಲಿ ಗಂಡಸರೇ ಜಾಸ್ತಿ ಇದ್ದರು. ಅದನ್ನೇ ನೋಡಿ ಕಲಿತ ಯಂತ್ರ ಹೆಂಗಸರ ಅರ್ಜಿಗಳಿಗೆ ಕಮ್ಮಿ ಅಂಕ ಹಾಕತೊಡಗಿತು. ಹೀಗಾಗುತ್ತಿದೆ ಎಂದು ಗುರುತಿಸಲು ಆಯ್ಕೆಯ ಪಾಠ ಚೆನ್ನಾಗಿ ಗೊತ್ತಿರುವ ಮನುಷ್ಯರೇ ಬೇಕು.

ಪ್ರಾಜೆಕ್ಟ್‌ಗೆ ದೊಡ್ಡ ಕಂಪನಿಗೇ ಹೋಗ್ಬೇಕಾ? ಪರ್ಮಿಷನ್ ಸಿಗಲ್ಲ.

ಬೇಕಾಗಿಲ್ಲ. ದೊಡ್ಡ ಕಂಪನಿಯಲ್ಲಿ ಒಂದು ಪ್ರಶ್ನಾವಳಿ ಹಂಚಿ ಬರಲು ಬಿಟ್ಟರೆ ಹೆಚ್ಚು. 40 ಜನರ ಸಣ್ಣ ಘಟಕ, ಹೋಟೆಲ್, ಸಹಕಾರ ಸಂಘ, ನರ್ಸಿಂಗ್ ಹೋಮ್ ಇವುಗಳಲ್ಲಿ ಮಾಲೀಕರೇ ಕೂತು ಮಾತಾಡುತ್ತಾರೆ. ಕಾಲೇಜಿನ ಪತ್ರ ತಗೊಂಡು ಹೋಗಿ. ಒಂದೇ ವಿಷಯ ಇಟ್ಟುಕೊಳ್ಳಿ: ಹೊಸಬರಿಗೆ ಮೊದಲ ವಾರ ಏನು ಹೇಳಿಕೊಡುತ್ತಾರೆ, ರಜೆ ಹೇಗೆ ಮಂಜೂರಾಗುತ್ತದೆ, ದೂರು ಯಾರ ಹತ್ತಿರ ಹೋಗುತ್ತದೆ, ಹೀಗೆ. ಮಾಲೀಕರನ್ನು ಕೇಳಿದ ಪ್ರಶ್ನೆಯನ್ನೇ ಕೆಲಸಗಾರರನ್ನೂ ಬೇರೆಯಾಗಿ ಕೇಳಿ. ಎರಡು ಉತ್ತರಗಳು ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ನಿಮ್ಮ ವರದಿ ಬರೆಯಲು ಶುರು ಮಾಡಿ. ಕೆಲಸಗಾರರ ಹೆಸರು ಮಾತ್ರ ಎಲ್ಲೂ ಬರೆಯಬೇಡಿ.